ಆಲಿಸುವ ಕಿವಿ: ಎರಡು ಕಥನಗಳಲ್ಲಿ ಮನೋವೇದನೆಯ ನೆಲೆ

ಕನ್ನಡದ ಮುಸ್ಲಿಂ ಲೇಖಕಿಯರ ಕಥನಗಳನ್ನು ನಮ್ಮ ವಿಮರ್ಶೆಯು ಬಹುಮಟ್ಟಿಗೆ ಬಂಡಾಯ ಸಾಹಿತ್ಯದ ಚೌಕಟ್ಟಿನಲ್ಲಿಟ್ಟು, ತಲಾಖ್, ಬಹುಪತ್ನಿತ್ವ ಮೊದಲಾದ ಸಾಮಾಜಿಕ ಸಮಸ್ಯೆಗಳ ನಿರೂಪಣೆಯೆಂದೇ ಓದುತ್ತ ಬಂದಿದೆ. ಈ ಓದು ತಪ್ಪಲ್ಲ, ಅಪೂರ್ಣ. ಸಮಸ್ಯೆಯನ್ನು ಹೊತ್ತ ಮನಸ್ಸು ಏನಾಗುತ್ತದೆ, ಅದು ಚೇತರಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗಳು ಇಲ್ಲಿ ಹಿಂದೆ ಸರಿಯುತ್ತವೆ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೆ ಗಂಡನಲ್ಲಿ ಪ್ರೀತಿಯಿದೆ. ಅವರನ್ನು ಅಗಲಿಸುವುದು ತಂದೆಯ ಹಠ. ಮರಳಿ ಗಂಡನನ್ನು ಸೇರಬೇಕಾದರೆ ಪರಪುರುಷನನ್ನು ವರಿಸಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಎದುರಾದಾಗ ಅವಳು ಮಸೀದಿಯ ಕೊಳದಲ್ಲಿ ಕೊನೆಗಾಣುತ್ತಾಳೆ. ಅವಳ ಕುರಿತು ಹಿರಿಯರು ನಿರ್ಧರಿಸುತ್ತಾರೆ, ಅವಳನ್ನು ಕೇಳುವವರಿಲ್ಲ. ಮಗಳ ನೋವನ್ನು ಬಲ್ಲ ತಾಯಿಗೂ ಆ ಮನೆಯಲ್ಲಿ ದನಿಯಿಲ್ಲ. ಸಾಂತ್ವನ ದೊರೆಯಬೇಕಾದ ತಾಣವೇ ಸಾವಿನ ತಾಣವಾಗುವುದು ಇಲ್ಲಿನ ಕಟುವ್ಯಂಗ್ಯ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯ ಮೆಹರುನ್‌ಳ ಸಂಕಟ ಬೇರೆ ಬಗೆಯದು. ಗಂಡ ಅನ್ಯಳಲ್ಲಿ ಅನುರಕ್ತನಾಗಿದ್ದಾನೆ, ತಲಾಖ್ ಮಾತ್ರ ಆಗಿಲ್ಲ. ಆಸರೆ ಬೇಡಿ ಬಂದವಳಿಗೆ ತವರಿನವರು ಮನೆತನದ ಮರ್ಯಾದೆಯನ್ನು ನೆನಪಿಸಿ ಮರಳಿ ಬಿಟ್ಟುಬರುತ್ತಾರೆ. ಸಾವಿನ ಯೋಚನೆ ಅವಳಲ್ಲಿ ತಾನಾಗಿ ಹುಟ್ಟಿದ ದೌರ್ಬಲ್ಯವಲ್ಲ, ಸುತ್ತಲಿನ ಮಾತುಗಳು ಬಿತ್ತಿದ ಬೀಜ ಎಂಬ ಒಳನೋಟವೇ ಕಥೆಯ ಹೆಚ್ಚುಗಾರಿಕೆ. ತ್ರಿವಳಿ ತಲಾಖ್ ಕುರಿತ 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪಾಗಲಿ 2019ರ ಕಾಯಿದೆಯಾಗಲಿ ಈ ವೇದನೆಯನ್ನು ಮುಟ್ಟಲಾರವು. ಆದುದರಿಂದಲೇ ಕಾನೂನು ಬದಲಾದ ಮೇಲೂ ಕಥೆ ಹಳತಾಗಿಲ್ಲ.

ಅವಳನ್ನು ತಡೆಯುವವರು ವೈದ್ಯರಲ್ಲ, ಧರ್ಮಗುರುವಲ್ಲ, ಹಿರಿಯ ಮಗಳು. 'ನೀನು ನಮಗೆ ಬೇಕು' ಎಂಬ ಭಾವವೇ ಅವಳನ್ನು ಬದುಕಿಗೆ ಮರಳಿಸುತ್ತದೆ. ಆದರೆ ಈ ಮುಕ್ತಾಯವನ್ನು ಉಪಶಮನವೆಂದು ಕೊಂಡಾಡುವುದು ಆತುರವಾದೀತು. ಗಂಡ ಬದಲಾಗಿಲ್ಲ, ತವರು ಬದಲಾಗಿಲ್ಲ. ಹಿರಿಯರು ಹೊರಬೇಕಾದ ಹೊಣೆ ಎಳೆಯ ಹೆಗಲಿಗೆ ಬಿದ್ದಿದೆ. ಒಂದು ರಾತ್ರಿ ಉಳಿದ ಜೀವಕ್ಕೆ ನಾಳೆ ಆಸರೆ ಯಾರು?

ಇಬ್ಬರು ಲೇಖಕಿಯರ ಮನೆಮಾತೂ ಕನ್ನಡವಲ್ಲ: ಕಾಸರಗೋಡಿನ ಸಾರಾ ಅವರದು ಮಲಯಾಳ, ಹಾಸನದ ಬಾನು ಅವರದು ದಖನಿ ಉರ್ದು. ಮನೆಯೊಳಗೆ ಆಲಿಸುವವರಿಲ್ಲದ ನೋವಿಗೆ ಕನ್ನಡವು ಕಿವಿಯಾಯಿತೆ ಎಂಬುದು ವಿಚಾರಾರ್ಹ. ದೀಪಾ ಭಸ್ತಿ ಅವರ ಅನುವಾದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಳಿಕ ಹೊರನಾಡಿನ ಅನೇಕರು ಈ ಲೋಕವನ್ನು ಇಂಗ್ಲಿಷಿನ ಮೂಲಕ ಪ್ರವೇಶಿಸುತ್ತಿದ್ದಾರೆ. ಅವರ ಓದು ಕೇವಲ ಒಂದು ಸಮುದಾಯದ ದೋಷಗಳ ಪಟ್ಟಿಯಾಗದೆ, ನೊಂದ ಮನಸ್ಸನ್ನು ಆಲಿಸುವ ಅಧ್ಯಯನವಾಗಬೇಕಾಗಿದೆ.