ಬಿದಿರು ಕಟ್ಟಿದ ಬಾಣ

ಹದಿನೆಂಟನೆಯ ಶತಮಾನದ ಮೈಸೂರು ರಾಕೆಟ್ಟಿನ ವಿಷಯ ಓದುವಾಗಲೆಲ್ಲ ನನಗೆ ಯುದ್ಧಕ್ಕಿಂತ ಮೊದಲು ನೆನಪಾಗುವುದು ನಮ್ಮ ಮಗ್ಗೆ ಕಡೆಯ ಕುಲುಮೆ, ಬಿದಿರು ಮೆಳೆ. ಆ ರಾಕೆಟ್ಟಿನ ಕೊಳವೆಯನ್ನೇ ನೋಡಿ: ಬಡಿದು ತೆಳುವಾಗಿಸಿದ ಕಬ್ಬಿಣವನ್ನು ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಒಂದು ತುದಿ ಮುಚ್ಚಿ, ಇನ್ನೊಂದರಲ್ಲಿ ಉರಿ ಹೊರಡಲು ಕಂಡಿ ಬಿಟ್ಟಿದ್ದಾರೆ. ಒಳಗೆ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮದ್ದನ್ನು ಗಟ್ಟಿಯಾಗಿ ಜಡಿಯಬೇಕು. ನಡುವೆ ಬಿರುಕು ಉಳಿದರೆ ಒಮ್ಮೆಗೇ ಹೊತ್ತಿ ಕೊಳವೆಯೇ ಸಿಡಿದೀತು. ಆಗಿನ ಯುರೋಪಿನವರದ್ದು ಹೆಚ್ಚಾಗಿ ಕಾಗದದ ಕೊಳವೆ. ಕಬ್ಬಿಣ ಒತ್ತಡ ತಡೆದುಕೊಂಡದ್ದರಿಂದಲೇ ನಮ್ಮದು ಅಷ್ಟು ದೂರ ಹಾರಿತು.

ಬಿದಿರಿನ ಕೆಲಸ ಇನ್ನೂ ಸೊಗಸು. ತೊಗಲಿನ ಪಟ್ಟಿಯಿಂದ ಬಿಗಿದ ಉದ್ದನೆಯ ಗಳ ಹಿಂದಕ್ಕೆ ಭಾರ ಕೊಟ್ಟು ಬಾಣದ ಮೂತಿಯನ್ನು ನೆಟ್ಟಗಿಡುತ್ತದೆ. ಗಳ ಬಲಿತಿರಬೇಕು, ಒಣಗಿರಬೇಕು, ಡೊಂಕಿರಬಾರದು. ದೋಟಿಗೆ, ಏಣಿಗೆ ಮೆಳೆಯೆಲ್ಲ ತಡಕಾಡುವ ನಮ್ಮೂರಿನವರಿಗೆ ಅಂಥ ಗಳ ಆರಿಸುವ ಕಣ್ಣಿನ ಬೆಲೆ ಗೊತ್ತು.

1780ರಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಮೈಸೂರಿನವರ ಈ ರಾಕೆಟ್ಟುಗಳ ಏಟು ತಿಂದ ಇಂಗ್ಲಿಷರು ಮುಂದೆ ಇವನ್ನು ತಮ್ಮ ದೇಶದ ವುಲಿಚ್ ಶಸ್ತ್ರಾಗಾರಕ್ಕೆ ಒಯ್ದರು. ಇಂಗ್ಲಿಷರ ಕಾಂಗ್ರೀವ್ ತನ್ನ ರಾಕೆಟ್ಟು ಕಟ್ಟಿದ್ದು ಇವನ್ನೇ ನೋಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥವೇ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವಲ್ಲ, ಆ ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಆ ಜಾಡು ಹಿಡಿದೇ ಅಗೆದರು.