ಅನುಮಾನಕ್ಕೆ ಸಾಕ್ಷಿಯ ವೇಷ

ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ, 1966ರ ಜನವರಿ 11ರ ನಸುಕಿನಲ್ಲಿ, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡರು. ಅದು ಹೃದಯಾಘಾತವಲ್ಲ, ಕೊಲೆ ಎಂದು ನಂಬಿಸುವುದು ವಿವೇಕ್ ಅಗ್ನಿಹೋತ್ರಿಯವರ ‘ದಿ ತಾಷ್ಕೆಂಟ್ ಫೈಲ್ಸ್’ ಚಿತ್ರದ ಹಟ. 2019ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಕಾವಿನ ನಡುವೆಯೇ ಅದು ತೆರೆಗೆ ಬಂತು.

ಒಬ್ಬ ಪತ್ರಕರ್ತೆ, ಒಂದು ಸಮಿತಿ, ಮುಚ್ಚಿದ ಕೋಣೆಯಲ್ಲಿ ವಾಗ್ವಾದ. ಬಾಸು ಚಟರ್ಜಿಯವರ ‘ಏಕ್ ರುಕಾ ಹುವಾ ಫೈಸ್ಲಾ’ ನೋಡಿದವರಿಗೆ ಈ ಹಂದರದ ಗುರುತು ಸಿಗುತ್ತದೆ. ಆದರೆ ಅಲ್ಲಿ ಅನುಮಾನ ಆರೋಪಿಯ ಬೆನ್ನಿಗೆ ನಿಂತು ಅವನನ್ನು ಉಳಿಸುತ್ತದೆ. ಇಲ್ಲಿ ಅದೇ ಅನುಮಾನ ಫಿರ್ಯಾದಿಯೂ ಹೌದು, ಸಾಕ್ಷಿಯೂ ಹೌದು, ಕೊನೆಗೆ ನ್ಯಾಯಾಧೀಶನೂ ಹೌದು.

ಚಿತ್ರ ಎತ್ತುವ ಪ್ರಶ್ನೆಗಳೆಲ್ಲ ಪೊಳ್ಳಲ್ಲ. ಮೈ ನೀಲಿಗಟ್ಟಿತ್ತು ಎಂದು ಮನೆಯವರು ಹೇಳಿದರು; ಆದರೂ ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. 2009ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ ಪ್ರಧಾನಿ ಕಚೇರಿ ತನ್ನಲ್ಲಿದ್ದ ಒಂದು ದಾಖಲೆಯನ್ನು ಕೊಡಲೊಪ್ಪಲಿಲ್ಲ. ಸರ್ಕಾರ ಉತ್ತರಿಸಲೇಬೇಕಾದ ಮಾತುಗಳಿವು. ಶಾಸ್ತ್ರಿಯವರಿಗೆ ಮೊದಲೇ ಹೃದಯಾಘಾತವಾಗಿತ್ತು ಎಂಬುದೂ ಅಷ್ಟೇ ನಿಜ, ಆದರೆ ತಕ್ಕಡಿಯ ಆ ತಟ್ಟೆಗೆ ಚಿತ್ರ ತೂಕವನ್ನೇ ಇಡುವುದಿಲ್ಲ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಕಡತಗಳಿಂದ ಅದರ ದಾಖಲೆಪಾಲ ಮಿತ್ರೋಖಿನ್ ನಕಲು ಮಾಡಿಕೊಂಡ ಟಿಪ್ಪಣಿಗಳು ನಮ್ಮ ರಾಜಕಾರಣದೊಳಗೆ ಸೋವಿಯತ್ ಹಣ ಹರಿದದ್ದನ್ನು ಹೇಳುತ್ತವೆ. ಹಣ ಹರಿಯಿತು, ಆದ್ದರಿಂದ ವಿಷ ಬೆರೆಯಿತು ಎನ್ನಬೇಕಾದರೆ ನಡುವೆ ಏನಾದರೂ ಬೇಕಲ್ಲ? ಅಲ್ಲಿ ಚಿತ್ರ ದನಿ ಏರಿಸುತ್ತದೆ, ಅಷ್ಟೆ. ಪಲ್ಲವಿ ಜೋಶಿ, ನಮ್ಮ ಪ್ರಕಾಶ್ ಬೆಳವಾಡಿಯವರಂಥ ನುರಿತವರು ಕೂಡಿ ಕೂಗುವಾಗ ಕೇಳಲು ಚೆನ್ನಾಗಿಯೇ ಇರುತ್ತದೆ. ರಾಷ್ಟ್ರಪ್ರಶಸ್ತಿಯೂ ಬಂತು, ಸಂಭಾಷಣೆಗೆ!

ಅನುಮಾನಕ್ಕೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಇನ್ನೊಂದು ಸಾವು ನೆನಪಿಸುತ್ತದೆ. ಮುಂಬೈಯ ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲಿನ ನೆಲದ ಮೇಲೆದ್ದ ಮಲ್ಟಿಪ್ಲೆಕ್ಸಿನಿಂದ ಲಾಲ್‌ಬಾಗ್ ದೂರವೇನಲ್ಲ. ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿಯವರನ್ನು 1970ರ ಜೂನ್ 5ರ ರಾತ್ರಿ ಕೊಂದದ್ದು ಅಲ್ಲೇ. ಉಪಚುನಾವಣೆಯಲ್ಲಿ ಅವರ ಪತ್ನಿ ಸರೋಜಿನಿ ಸೋತರು. ವಾಮನರಾವ್ ಮಹಾಡಿಕ್ ಗೆದ್ದು ಶಿವಸೇನೆಯ ಮೊದಲ ಶಾಸಕರಾದರು. ಇರಿದ ಯುವಕರಿಗೆ ಕೋರ್ಟು ಶಿಕ್ಷೆ ಕೊಟ್ಟಿತು. ಅವರ ಹಿಂದೆ ಯಾರಿದ್ದರು ಎಂಬ ಗುಸುಗುಸು ಗಿರಣಿಗಳ ಆ ಪ್ರದೇಶದಲ್ಲಿ, ಗಿರಣಗಾಂವದಲ್ಲಿ, ಬಹುಕಾಲ ಉಳಿಯಿತು, ಆದರೆ ಗುಸುಗುಸು ಕೇಳಿ ಯಾರನ್ನೂ ಜೈಲಿಗೆ ಕಳಿಸಲಾಗಲಿಲ್ಲ. ಅಗ್ನಿಹೋತ್ರಿಯವರ ಸಮಿತಿಯ ಕೈಗೆ ಆ ಕೇಸು ಸಿಕ್ಕಿದ್ದರೆ ಇಂಟರ್‌ವಲ್ಲಿನೊಳಗೆ ತೀರ್ಪು ಹೊರಬೀಳುತ್ತಿತ್ತು.