ಮಿದುಳಿನ ಗೆಡ್ಡೆ: ನಕಾಶೆಯನ್ನು ನಂಬಬಹುದೆ?

ಮಿದುಳಿನ ಗೆಡ್ಡೆಗಳ ಪ್ರಮಾಣವನ್ನು ತೋರಿಸುವ ವಿಶ್ವ ನಕಾಶೆಗಳಲ್ಲಿ ಯುರೋಪ್, ಉತ್ತರ ಅಮೆರಿಕಗಳಿಗೆ ಗಾಢ ಬಣ್ಣ. ಆಫ್ರಿಕಾದ ಬಹುಭಾಗಕ್ಕೆ ತಿಳಿ ಬಣ್ಣ. ಇದನ್ನು ಕಂಡೊಡನೆ ‘ಇದು ಸಿರಿವಂತ ದೇಶಗಳ ಜೀವನಶೈಲಿಯ ಫಲ’ ಎಂದು ಬರೆದುಬಿಡುವವರಿದ್ದಾರೆ. ಇದು ಅವಸರದ ತೀರ್ಮಾನ.

ಬಾಯಿಯ ಗೆಡ್ಡೆ ಕಣ್ಣಿಗೆ ಕಾಣುತ್ತದೆ, ಸ್ತನದ್ದು ಕೈಗೆ ಸಿಗುತ್ತದೆ. ಮಿದುಳಿನದು ತಲೆಬುರುಡೆಯೊಳಗೆ ಅಡಗಿರುತ್ತದೆ. ಸ್ಕ್ಯಾನ್ ಯಂತ್ರವಿಲ್ಲದ ಕಡೆ ಅದು ಮೂರ್ಛೆರೋಗ, ಲಕ್ವ ಅಥವಾ ಮುಪ್ಪಿನ ಮರೆವು ಎಂದೇ ಮುಗಿದುಹೋಗಬಹುದು. ಹಾಗೆ ಸತ್ತವರು ಯಾವ ಪಟ್ಟಿಗೂ ಸೇರುವುದಿಲ್ಲ.

ಇದಕ್ಕೆ ಸಾಕ್ಷಿ ಅಮೆರಿಕದಲ್ಲೇ ಇದೆ. ರೋಗಿಯೊಬ್ಬರ ಮಿದುಳಿನ ಮೊದಲ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಮುಂದಿನ ಒಂದೂವರೆ ದಶಕದಲ್ಲಿ ಯಂತ್ರಗಳು ಹರಡಿದಂತೆ ಅಮೆರಿಕದ ವೃದ್ಧರಲ್ಲಿ ಮಾರಕ ಗೆಡ್ಡೆಗಳ ದಾಖಲೆ ತೀವ್ರವಾಗಿ ಏರಿತು. ಹರೆಯದವರಲ್ಲಿ ಅಂಥ ಏರಿಕೆ ಇರಲಿಲ್ಲ. ಹೊಸ ವಿಷವೊಂದು ಮುದುಕರನ್ನಷ್ಟೇ ಹುಡುಕಿಕೊಂಡು ಹೋಯಿತೆ? ಮೊದಲು ಪಾರ್ಶ್ವವಾಯು ಎನಿಸಿಕೊಳ್ಳುತ್ತಿದ್ದದ್ದು ಈಗ ಚಿತ್ರದಲ್ಲಿ ಕಾಣಿಸಿತು ಎನ್ನುವುದೇ ಹೆಚ್ಚು ಸಂಭವ. ಎಣಿಕೆಯ ನಿಯಮವೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ನೋಂದಣಿಗಳು 2004ರಿಂದ ಮಾರಕವಲ್ಲದ ಗೆಡ್ಡೆಗಳನ್ನೂ ಕಡ್ಡಾಯವಾಗಿ ಲೆಕ್ಕಕ್ಕೆ ಹಿಡಿಯುತ್ತವೆ. ಅನೇಕ ದೇಶಗಳು ಮಾರಕವಾದವನ್ನು ಮಾತ್ರ.

ಹಾಗೆಂದು ಎಲ್ಲ ವ್ಯತ್ಯಾಸವೂ ಯಂತ್ರದ ಮಾಯೆಯಲ್ಲ. ಅದೇ ಅಮೆರಿಕದಲ್ಲಿ ಗ್ಲಿಯೋಬ್ಲಾಸ್ಟೋಮ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಒಂದೂವರೆ ಪಟ್ಟು, ಕರಿಯರಿಗಿಂತ ಬಿಳಿಯರಲ್ಲಿ ಸುಮಾರು ಎರಡು ಪಟ್ಟು. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮ ಇದಕ್ಕೆ ತದ್ವಿರುದ್ಧ: ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು, ಕರಿಯರಲ್ಲಿ ಬಿಳಿಯರಿಗಿಂತ ತುಸು ಹೆಚ್ಚು. ವೈದ್ಯಸೌಲಭ್ಯವೊಂದೇ ಕಾರಣವಾಗಿದ್ದರೆ ಎರಡೂ ಒಂದೇ ಕಡೆ ವಾಲಬೇಕಿತ್ತು. ಇಲ್ಲಿ ಜೀವವಿಜ್ಞಾನಕ್ಕೆ ನಿಜವಾದ ಕೆಲಸವಿದೆ. ಹಾರ್ಮೋನುಗಳ ಮೇಲಿನ ಗುಮಾನಿ ಹುಟ್ಟಿದ್ದೂ ಇಂಥ ಲೆಕ್ಕದಿಂದಲೇ. ಶಿಕ್ಷಕರು ತರಗತಿಯಲ್ಲಿ ಚರ್ಚೆಗೆತ್ತಿಕೊಳ್ಳಬೇಕಾದದ್ದು ಈ ಹೋಲಿಕೆಯನ್ನು, ಬಣ್ಣದ ನಕಾಶೆಯನ್ನಲ್ಲ.

ಭಾರತದ ಅಂಕಿಗಳನ್ನೂ ಇದೇ ಎಚ್ಚರದಿಂದ ಓದಬೇಕು. ನಮ್ಮಲ್ಲಿ ಎಳೆಯರು ಹೆಚ್ಚು. ಗ್ಲಿಯೋಬ್ಲಾಸ್ಟೋಮ ಹೆಚ್ಚಾಗಿ ಅರವತ್ತರ ಆಸುಪಾಸಿನವರ ರೋಗ. ವಯೋಮಾನಕ್ಕೆ ತಕ್ಕಂತೆ ತಿದ್ದದ ದರ ಕಡಿಮೆ ಕಾಣುವುದು ಸಹಜವೇ. ಜನಸಮುದಾಯ ಆಧಾರಿತ ಕ್ಯಾನ್ಸರ್ ನೋಂದಣಿ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ 1982ರಿಂದ ಒಂದು ಕ್ರಮಕ್ಕೆ ಬಂತು. ಆಮೇಲೆ ಹಲವು ಊರುಗಳು ಸೇರಿದರೂ ದೇಶದ ಬಹುಪಾಲು ಹಳ್ಳಿಗಳು ಇನ್ನೂ ಅದರ ಹೊರಗಿವೆ. ಈ ಅಂಕಿಗಳನ್ನು ಹಿಡಿದು ‘ನಮ್ಮಲ್ಲಿ ರೋಗ ವಿರಳ’ ಎಂದರೆ ಜಿಲ್ಲಾ ಆಸ್ಪತ್ರೆಗೆ ಸ್ಕ್ಯಾನ್ ಯಂತ್ರ ಬೇಡವೆನ್ನಲು ನೆಪವೊಂದು ಸಿಕ್ಕೀತು. ಯಂತ್ರವಿಲ್ಲದ ಜಿಲ್ಲೆಯಿಂದ ಮುಂದಿನ ವರ್ಷವೂ ‘ವಿರಳ’ ಎಂಬ ವರದಿಯೇ ಬರುತ್ತದೆ.